ಮೂರು ದಿನದ ರಾಜನ ನಾಣ್ಯ

ನಿಪ್ಪಾಣಿಯ ಆ ಹಿರಿಯರ ಮನೆಗೆ ನಾನು ಮೊದಲು ಹೋದದ್ದು ಅವರ ಎಮ್ಮೆಯ ಸಲುವಾಗಿ. ಎಂಬತ್ತರ ದಶಕದ ಮೊದಲ ವರ್ಷಗಳು. ಆಗ ನಾನು ಆ ಕಡೆಯ ಒಂದು ದನದ ದವಾಖಾನೆಯಲ್ಲಿ ಸ್ಟಾಕ್‌ಮನ್ ಆಗಿದ್ದೆ. ಡಾಕ್ಟರಲ್ಲ. ಆದರೆ ಸೈಕಲ್ಲಿಗೆ ಔಷಧದ ಪೆಟ್ಟಿಗೆ ಕಟ್ಟಿಕೊಂಡು ಬಂದವರನ್ನೆಲ್ಲ ಜನ ಡಾಕ್ಟರೆಂದೇ ಕರೆಯುತ್ತಿದ್ದರು, ನಾನೂ ತಿದ್ದುವ ಗೋಜಿಗೆ ಹೋಗುತ್ತಿರಲಿಲ್ಲ. ಎಮ್ಮೆ ಕರು ಹಾಕಿ ಒಂದು ದಿನ ಕಳೆದಿದ್ದರೂ ಮಾಸು ಬಿದ್ದಿರಲಿಲ್ಲ. ನಾನು ಅಂಗಿಯ ತೋಳು ಮಡಚಿ ಕೆಲಸಕ್ಕೆ ಇಳಿಯುವ ಮೊದಲು ಆ ಹಿರಿಯರು ನನ್ನ ಕೈಯಿಂದ ಔಷಧದ ಬಾಟಲಿ ಇಸಿದುಕೊಂಡು, ಮುಚ್ಚಳ ತೆಗೆದು ಮೂಸಿ ನೋಡಿದರು.

"ಇದರಾಗ ನೀರ ಕೂಡ್ಸಿಲ್ಲ ಹೌದಲ್ಲ?"

"ಸರಕಾರದ ಔಷಧ ಐತ್ರಿ ಕಾಕಾ."

"ಅದಕ್ಕ ಕೇಳಿದೆ."

ಅವರು ನಲವತ್ತು ವರ್ಷ ತಂಬಾಕಿನ ವಖಾರಗಳಲ್ಲಿ, ಅಂದರೆ ಗೋದಾಮುಗಳಲ್ಲಿ, ಮಾಲಿನ ದರ್ಜೆ ಹೇಳುವ ಕೆಲಸ ಮಾಡಿದವರು. ತೂಕ ಬರಲೆಂದು ರೈತರು ಮಾಲಿಗೆ ನೀರು ಚಿಮುಕಿಸುತ್ತಿದ್ದರು. ಒಳ್ಳೆಯ ಮಾಲನ್ನೂ ಕಳಪೆ ಎಂದು ಹೇಳೆಂದು ವ್ಯಾಪಾರಿಗಳು ಕಿವಿಯಲ್ಲಿ ಉಸುರುತ್ತಿದ್ದರು. ಇಬ್ಬರನ್ನೂ ನಂಬದಿರುವುದೇ ಅವರ ನೌಕರಿಯಾಗಿತ್ತು. ನಿವೃತ್ತರಾದ ಮೇಲೂ ಆ ಮೂಗು ಸುಮ್ಮನಿರಲಿಲ್ಲ. ಸೊಸೆ ತಂದ ಚಹಾವನ್ನೂ ಮೊದಲು ಮೂಸಿಯೇ ಕುಡಿಯುತ್ತಿದ್ದರು.

ಎಮ್ಮೆಯ ಕೆಲಸ ಮುಗಿಸಿ ಕೈ ತೊಳೆದು ಕಟ್ಟೆಯ ಮೇಲೆ ಕುಳಿತಾಗ ಅವರು ಒಳಗೆ ಹೋಗಿ ಒಂದು ಸಣ್ಣ ಕಾಗದದ ಲಕೋಟೆ ತಂದರು. ಅದರಿಂದ ಒಂದು ನಾಣ್ಯ ತೆಗೆದು ನನ್ನ ಅಂಗೈಯಲ್ಲಿಟ್ಟರು. ನಾಲ್ಕಾಣೆಯಷ್ಟೇ ಅಗಲ, ಅಂಚು ಸೊಟ್ಟ, ಬಣ್ಣ ಕಪ್ಪಿಗೆ ತಿರುಗಿದ ತಾಮ್ರ. ಒಂದು ಬದಿಯಲ್ಲಿ ಗಡ್ಡದ ಮನುಷ್ಯ; ತಲೆಯ ಮೇಲೆ ಸೂರ್ಯನ ಕಿರಣದಂತೆ ಮುಳ್ಳು ಮುಳ್ಳಾದ ಕಿರೀಟ.

"ಯಾವ ರಾಜಂದ್ ಹೇಳ್ರಿ."

"ಗೊತ್ತಿಲ್ರಿ."

"ಕಳ್ಳ ರಾಜಂದು," ಎಂದು ಅವರು ಅದನ್ನು ವಾಪಸು ತೆಗೆದುಕೊಂಡರು. "ರೋಮ ದೇಶದಾಂವ. ಗಾದಿ ಇವಂದಲ್ಲ. ಕಸಗೊಂಡ ಕುಂತಾಂವ."

ಅಷ್ಟು ಹೇಳಿ ಲಕೋಟೆ ಮಡಚಿ, ತೊಟ್ಟಿದ್ದ ಬಂಡಿ ಅಂಗಿಯ ಕಿಸೆಗೆ ಹಾಕಿಕೊಂಡರು. ಇನ್ನೂ ಇದ್ದರೆ ತೋರಿಸಿರೆಂದು ಕೇಳಿದರೆ ತೋರಿಸಲಿಲ್ಲ. ಆದರೆ ವಾರ ಬಿಟ್ಟು ಎಮ್ಮೆ ಹೇಗಿದೆ ನೋಡುವ ನೆಪದಲ್ಲಿ ನಾನು ಮತ್ತೆ ಹೋದೆ. ಎಮ್ಮೆ ಚೆನ್ನಾಗಿಯೇ ಇತ್ತು, ಅದು ನನಗೆ ಮೊದಲೇ ಗೊತ್ತಿತ್ತು. ಅವರಿಗೂ ಗೊತ್ತಿತ್ತು.

ಹೀಗೆ ಶುರುವಾಯಿತು. ಸುಮಾರು ಸಾವಿರದ ಏಳುನೂರು ವರ್ಷಗಳ ಹಿಂದೆ ರೋಮನ್ ಸಾಮ್ರಾಜ್ಯ ಸಡಿಲಗೊಂಡಿದ್ದಾಗ, ಎಲ್ಲೆಂದರಲ್ಲಿ ಸೈನಿಕರು ತಮ್ಮ ಸರದಾರನನ್ನೇ ಎತ್ತಿ ಚಕ್ರವರ್ತಿ ಎಂದು ಕೂಗುತ್ತಿದ್ದರಂತೆ. ಹಾಗೆ ಎದ್ದವನು ಮಾಡುತ್ತಿದ್ದ ಮೊದಲ ಕೆಲಸಗಳಲ್ಲೊಂದು ತನ್ನ ಮುಖದ ನಾಣ್ಯ ಹೊಡೆಸುವುದು. ಸೈನಿಕರಿಗೆ ಸಂಬಳ ಕೊಡಬೇಕು, ಸಂಬಳದ ಮೇಲೆ ತನ್ನ ಮುಖವೇ ಇರಬೇಕು. ಅವನು ವರ್ಷ ಬಾಳುತ್ತಾನೋ ತಿಂಗಳು ಬಾಳುತ್ತಾನೋ ಯಾರಿಗೂ ಗೊತ್ತಿರುತ್ತಿರಲಿಲ್ಲ. ಕಾಕಾ ಅಂಥವರ ನಾಣ್ಯಗಳನ್ನು ಮಾತ್ರ ಇಟ್ಟುಕೊಂಡಿದ್ದರು. ಸರಿಯಾದ ಗಾದಿಯ ಮೇಲೆ ಕುಳಿತ ಚಕ್ರವರ್ತಿಗಳ ಮೇಲೆ ಅವರಿಗೆ ಆಸಕ್ತಿ ಇರಲಿಲ್ಲ. ಅವರ ಬಳಿ ರಟ್ಟು ಹೋದ ಒಂದು ಇಂಗ್ಲಿಷ್ ಪುಸ್ತಕವಿತ್ತು. ನಾನು ಅದನ್ನು ಎರವಲು ಒಯ್ದು, ಡಿಕ್ಷನರಿ ಮಗ್ಗುಲಲ್ಲಿಟ್ಟುಕೊಂಡು ಒಂದೊಂದೇ ಪುಟ ಓದುತ್ತಿದ್ದೆ.

ಆ ರಾಜರ ಉದ್ದುದ್ದ ಹೆಸರುಗಳು ಕಾಕಾನ ನಾಲಿಗೆಗೆ ಒಗ್ಗುತ್ತಿರಲಿಲ್ಲ. ಅವರೇ ಅಡ್ಡಹೆಸರು ಇಟ್ಟಿದ್ದರು. ಕಡಲುಗಳ್ಳರನ್ನು ಹಿಡಿಯಲು ನೇಮಕವಾಗಿದ್ದವನೊಬ್ಬನ ಮೇಲೆ, ಕಳ್ಳರಿಗೆ ಮೊದಲು ಲೂಟಿ ಮಾಡಲು ಬಿಟ್ಟು ಆಮೇಲೆ ಅವರಿಂದ ಕಸಿದು ತಾನೇ ಇಟ್ಟುಕೊಳ್ಳುತ್ತಾನೆ ಎಂಬ ಗುಮಾನಿ ಬಂತಂತೆ. ತಲೆ ಉಳಿಸಿಕೊಳ್ಳಲು ಅವನು ಬ್ರಿಟನ್ ದ್ವೀಪಕ್ಕೆ ಓಡಿ ಅಲ್ಲಿ ತಾನೇ ಚಕ್ರವರ್ತಿ ಎಂದು ಸಾರಿಕೊಂಡ. ಅವನು 'ಸರದಾರ'. ಇನ್ನೊಬ್ಬ ತನ್ನ ಸೈನಿಕರಿಗೇ ಹೆದರಿ, ನನ್ನನ್ನು ಇವರಿಂದ ಬಿಡಿಸು ಎಂದು ಶತ್ರು ಚಕ್ರವರ್ತಿಗೆ ಗುಟ್ಟಾಗಿ ಬರೆದು, ಕಾಳಗದ ದಿನ ಆ ಕಡೆಗೆ ಹೋಗಿ ನಿಂತುಬಿಟ್ಟನಂತೆ. ಅವನ ನಾಣ್ಯವೂ ಇತ್ತು, ಅವನ ಮಗನದೂ ಇತ್ತು. ಅವರು 'ಅಪ್ಪ-ಮಗ'. ಕಾಕಾ ನನಗೆ ಮೊದಲು ಕೊಟ್ಟಿದ್ದು ಅಪ್ಪನನ್ನು. ಒಂದು ವರ್ಷ ಬಿಟ್ಟು ಮಗನನ್ನು. ಬೆಲೆ ತಾವೇ ಹೇಳುತ್ತಿದ್ದರು, ಹೆಚ್ಚೇನೂ ಇರುತ್ತಿರಲಿಲ್ಲ.

ವರ್ಷಕ್ಕೆ ಒಂದೇ. ಎರಡನೆಯದನ್ನು ಎಷ್ಟು ಕೇಳಿದರೂ ಕೊಡುತ್ತಿರಲಿಲ್ಲ. ನಾಣ್ಯಗಳನ್ನೆಲ್ಲ ಒಂದು ಮರದ ತಟ್ಟೆಯಲ್ಲಿ ಜೋಡಿಸಿಟ್ಟಿದ್ದೇನೆ ಎನ್ನುತ್ತಿದ್ದರು. ಎಷ್ಟು ಕೇಳಿದರೂ ಆ ತಟ್ಟೆಯನ್ನು ತೋರಿಸಿರಲಿಲ್ಲ. ಒಳಗಿನ ಖೋಲಿಗೆ ಹೋಗುವಾಗ ಬಾಗಿಲು ಎಳೆದುಕೊಂಡೇ ಹೋಗುತ್ತಿದ್ದರು. ಎಲ್ಲಿಂದ ಬಂದವು ಎಂದು ಕೇಳಿದಾಗ, ಸ್ವಾತಂತ್ರ್ಯಕ್ಕೆ ಮೊದಲು ತಂಬಾಕು ಕೊಳ್ಳಲು ಬರುತ್ತಿದ್ದ ಒಬ್ಬ ಬಿಳಿ ಸಾಹೇಬ ದೇಶ ಬಿಡುವಾಗ ಕೊಟ್ಟು ಹೋದ ಎಂದರು. ಲಕೋಟೆಯ ಮೇಲಿನ ಇಂಗ್ಲಿಷ್ ಬರಹವೂ ಸಾಹೇಬನದೇ ಎಂದರು. ನಾನು ಮನೆಗೆ ಬಂದು ಲಕೋಟೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಬರಹ ಬಾಲ್‌ಪೆನ್ನಿನದು. ಸ್ವಾತಂತ್ರ್ಯಕ್ಕೆ ಮೊದಲು ದೇಶ ಬಿಟ್ಟ ಸಾಹೇಬ ಬಾಲ್‌ಪೆನ್ನಿನಲ್ಲಿ ಹೇಗೆ ಬರೆದ? ಈ ಪ್ರಶ್ನೆಯನ್ನು ನಾನು ಅವರಿಗೆ ಕೇಳಲಿಲ್ಲ. ಕೇಳಿದ್ದರೆ ಎಷ್ಟೋ ತಾಪತ್ರಯ ತಪ್ಪುತ್ತಿತ್ತು. ಕೇಳದೆ ಒಳಗೇ ಇಟ್ಟುಕೊಂಡೆ.

ನನ್ನ ಹೆಂಡತಿಯಂತೂ ಆ ಮನುಷ್ಯರನ್ನು ನೋಡದೆಯೇ ತೀರ್ಪು ಕೊಟ್ಟಿದ್ದಳು. "ಆ ಮುದುಕ ನಿಮ್ಮನ್ನ ಮಬ್ಬ ಮಾಡಾಕತ್ತಾನ್ರಿ. ಸಾಹೇಬಂತ, ರಾಜಂತ. ಹಿತ್ತಲದಾಗ ಕುಂತ ತಾನ ಬಡದ ಕೊಡ್ತಾನೋ ಏನೋ."

ನಾಲ್ಕನೆಯ ವರ್ಷ ಕಾಕಾ ನನಗೆ 'ಕಂಬಾರ'ನನ್ನು ಕೊಟ್ಟರು. ಅವನು ನಿಜಕ್ಕೂ ಕಂಬಾರನಾಗಿದ್ದನಂತೆ. ಸೈನ್ಯ ಸೇರಿ ಮೇಲೆ ಬಂದು, ಒಂದು ದಂಗೆಯಲ್ಲಿ ಚಕ್ರವರ್ತಿಯಾದ. ಮೂರೇ ದಿನ ಆಳಿದ, ಮೂರನೆಯ ದಿನವೇ ಅವನ ಕುಲುಮೆಯಲ್ಲಿ ಹಿಂದೆ ಕೆಲಸಕ್ಕಿದ್ದ ಸೈನಿಕನೊಬ್ಬ, ಈ ಕಂಬಾರನೇ ಬಡಿದು ಮಾಡಿದ್ದ ಕತ್ತಿಯಿಂದ ಅವನನ್ನು ಇರಿದು ಕೊಂದ ಎಂಬುದು ಕತೆ. ನಾಣ್ಯದ ಒಂದು ಬದಿಗೆ ದಪ್ಪ ಕತ್ತಿನ, ಒರಟು ಗಡ್ಡದ ಮುಖ, ತಲೆಗೆ ಅಂಥದೇ ಮುಳ್ಳಿನ ಕಿರೀಟ. ಇನ್ನೊಂದು ಬದಿಗೆ ಒಂದನ್ನೊಂದು ಹಿಡಿದುಕೊಂಡ ಎರಡು ಕೈಗಳು, ಸುತ್ತ ಸೈನಿಕರ ಒಗ್ಗಟ್ಟು ಎಂಬ ಅರ್ಥದ ಲ್ಯಾಟಿನ್ ಅಕ್ಷರಗಳು.

"ಮೂರ ದಿನದಾಗ ಇಷ್ಟ ನಾಣ್ಯ ಹೆಂಗ ಹೊಡಸ್ತಾನ್ರಿ?" ಎಂದು ಕಾಕಾ ನನ್ನನ್ನೇ ಕೇಳಿದರು. "ಇಂಥಾವು ಸಿಗ್ತಾವಂತ, ರಗಡ. ಅಚ್ಚ ಮಾಡಾಕ ಮೂರ ದಿನ ಬೇಕು. ಕತಿ ಸುಳ್ಳ ಐತಿ. ಗೆದ್ದಾವ್ರು ಬರಸ್ಯಾರ, ಇಂವ ಮೂರ ದಿನದಾಂವ ಅಂತ. ನಾಣ್ಯ ನೋಡ್ರಿ, ಇದು ಅದರ ವಿರುದ್ಧ ಸಾಕ್ಷಿ ಹೇಳ್ತೈತಿ."

ಬರೆದದ್ದನ್ನು ಸುಳ್ಳೆಂದು ಒಂದು ತುಂಡು ಲೋಹ ಹೇಳಬಹುದು ಎಂದು ನನಗೆ ಯಾರೂ ಕಲಿಸಿರಲಿಲ್ಲ. ಬಸ್ಸಿನಲ್ಲಿ ಬರುವಾಗ ಕಿಸೆಯ ಮೇಲೆ ಕೈ ಇಟ್ಟುಕೊಂಡೇ ಕುಳಿತಿದ್ದೆ. ಆದರೆ ಮನೆ ಮುಟ್ಟುವಷ್ಟರಲ್ಲಿ ಇನ್ನೊಂದು ಯೋಚನೆ ಹೊಕ್ಕಿತು. ಕತೆ ಸುಳ್ಳಾಗಬಹುದಾದರೆ ನಾಣ್ಯ ಯಾಕೆ ಸುಳ್ಳಾಗಬಾರದು? ಮರುದಿನ ನಾನು ಸಣ್ಣ ಅರ ತೆಗೆದುಕೊಂಡು, ಗಡ್ಡದ ಕೆಳಗೆ ಅಂಚಿನಲ್ಲಿ ಒಂದು ಗೀರು ಹಾಕಿದೆ. ಒಳಗಿನ ಲೋಹ ನೋಡಬೇಕಿತ್ತು. ಕೆಂಪಗೆ ಮಿಂಚಿತು. ತಾಮ್ರವೇ. ಅದರಿಂದ ಏನೂ ಸಾಬೀತಾಗಲಿಲ್ಲ. ಅಸಲಿಯೂ ತಾಮ್ರ, ನಕಲಿಯೂ ತಾಮ್ರ. ಸಾವಿರದ ಏಳುನೂರು ವರ್ಷ ಉಳಿದುಬಂದದ್ದಕ್ಕೆ ಒಂದು ಗಾಯ ಮಾಡಿದ್ದಷ್ಟೇ ಬಂತು.

ಆಮೇಲೆ ನನಗೆ ಅಥಣಿ ಕಡೆಗೆ ವರ್ಗವಾಯಿತು. ಅಲ್ಲಿ ಬಾಡಿಗೆ ಮನೆಯ ಗೋಡೆಗಳು ತೆಳುವಾಗಿದ್ದವು. ನಾನು ರವಿವಾರ ಬೆಳಿಗ್ಗೆ ಕಿಟಕಿಯ ಬಳಿ ನಾಣ್ಯಗಳನ್ನು ಹರಡಿಕೊಂಡು ಭೂತಗಾಜಿನಿಂದ ನೋಡುವುದನ್ನು ನೆರೆಯವರು ನೋಡಿದ್ದರು. ಹಳ್ಳಿ ಹಳ್ಳಿ ತಿರುಗುವ ಮನುಷ್ಯ, ಮನೆಯಲ್ಲಿ ಹಳೆಯ ನಾಣ್ಯ. ಜನಕ್ಕೆ ಇನ್ನೇನು ಬೇಕು? ದನಕ್ಕೆ ಸೂಜಿ ಹಾಕುವ ನೆಪದಲ್ಲಿ ಈತ ಹಾಳು ಗುಡಿಗಳಲ್ಲಿ ನಿಧಿ ಅಗೆಯುತ್ತಾನೆ ಎಂದಾಯಿತು. ಒಬ್ಬ ರೈತನಂತೂ ಎತ್ತಿನ ಗೊರಸು ತೋರಿಸಲು ಬಂದವನು, ಹೋಗುವಾಗ ದನಿ ತಗ್ಗಿಸಿ ಕೇಳಿದ: "ಸಾಹೇಬ್ರ, ನಮ್ಮ ಹೊಲದಾಗ ಒಂದ ಕಲ್ಲ ಐತಿ, ಅದರ ಬುಡಕ ಏನರ ಇರ್ತೈತೇನ್ರಿ? ಅರ್ಧಾ ನಿಮಗ."

ಒಂದು ಮುಂಜಾನೆ ಹೆಡ್ ಕಾನ್‌ಸ್ಟೇಬಲ್ ಬಂದರು. ಗೌರವದಿಂದಲೇ ಮಾತಾಡಿದರು, ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು.

"ಎಲ್ಲಿ ಸಿಕ್ಕಾವ್ರಿ ಇವು?"

"ಸಿಕ್ಕಿದ್ದಲ್ರಿ, ಕೊಂಡಿದ್ದು. ನಿಪ್ಪಾಣ್ಯಾಗ ಒಬ್ಬ ಹಿರ್ಯಾರ ಕಡಿಂದ."

"ಅವರಿಗೆ ಎಲ್ಲಿ ಸಿಕ್ಕಾವಂತ?"

ಬಿಳಿ ಸಾಹೇಬನ ಕತೆ ಹೇಳಿದೆ. ಹೇಳುವಾಗ ನನ್ನ ಬಾಯಲ್ಲೇ ಅದು ಸುಳ್ಳಿನಂತೆ ಕೇಳಿಸಿತು. ಅವರು ಕಂಬಾರನನ್ನು ಎತ್ತಿ, ಹಿಂದೆ ಮುಂದೆ ತಿರುಗಿಸಿ, "ಬಂಗಾರಲ್ಲ ಹೌದಲ್ಲ?" ಎಂದರು. "ಒಂದ ಕೆಲಸ ಮಾಡ್ರಿ. ಒಬ್ಬ ಪತ್ತಾರ್‍ಗೆ ತೋರಿಸಿ, ಇದು ಬಂಗಾರಲ್ಲ ಬೆಳ್ಳಿ ಅಲ್ಲ ಅಂತ ಒಂದ ಚೀಟಿ ಬರಸ್ಕೊಂಡ ಬರ್ರಿ. ಅರ್ಜಿ ಬಂದೈತಿ, ನಾನು ಏನರ ಬರೀಬೇಕಲ್ಲ."

ಕಂಬಾರನನ್ನು ಒಯ್ದು ಪೇಟೆಯ ಅಕ್ಕಸಾಲಿ ಪತ್ತಾರನೊಬ್ಬನ ಹತ್ತಿರ ಹೋದೆ. ಅವನು ಆ ನಾಣ್ಯವನ್ನು ಒರೆಗಲ್ಲಿಗೂ ಹಚ್ಚದೆ ಸುಮಾರು ಹೊತ್ತು ನೋಡಿದ. ಆಮೇಲೆ ಇವತ್ತು ಗಿರಾಕಿ ಬಹಳ, ಇಟ್ಟು ಹೋಗಿ, ನಾಡಿದ್ದು ಬನ್ನಿ ಎಂದ. ಪೊಲೀಸರ ಅಂಜಿಕೆಯಲ್ಲಿ ನನಗೆ ಬೇರೇನೂ ಹೊಳೆಯಲಿಲ್ಲ, ಇಟ್ಟು ಬಂದೆ. ಮೂರನೆಯ ದಿನ ನಾಣ್ಯವನ್ನೂ ಚೀಟಿಯನ್ನೂ ಕೊಟ್ಟ. ಹೆಡ್ ಕಾನ್‌ಸ್ಟೇಬಲ್ ಚೀಟಿ ಇಸಿದುಕೊಂಡು ಹೋದರು, ಪ್ರಕರಣ ಅಲ್ಲಿಗೆ ಮುಗಿಯಿತು. ನೆರೆಯವರ ನೋಟ ಮಾತ್ರ ನಾವು ಆ ಮನೆ ಬಿಡುವವರೆಗೂ ಬದಲಾಗಲಿಲ್ಲ. ನಮ್ಮ ಮನೆಗೆ ಹೊಸ ಪಾತ್ರೆ ಬಂದರೂ ಕಣ್ಣಿಟ್ಟು ನೋಡುತ್ತಿದ್ದರು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಕಾಗವಾಡಕ್ಕೆ ಬಂದೆ. ಶಿರಗುಪ್ಪಿಯಿಂದ ಕಬ್ಬಿನ ಗಾಡಿಗಳು ಸಾಲುಗಟ್ಟಿ ಹೋಗುವ ದಿನಗಳಲ್ಲಿ ಎತ್ತುಗಳ ಹೆಗಲ ಹುಣ್ಣಿಗೆ ಮುಲಾಮು ಹಚ್ಚಿ ಹಚ್ಚಿ ಕೈ ಹಳದಿಯಾಗಿರುತ್ತಿತ್ತು. ಒಂದು ಸಂತೆಯ ದಿನ, ಮಿರಜ ಕಡೆಯಿಂದ ಬಂದ ಒಬ್ಬ ವ್ಯಾಪಾರಿ ನೆಲದ ಮೇಲೆ ಅರಿವೆ ಹಾಸಿ ಹಳೆಯ ಹಿತ್ತಾಳೆ ಸಾಮಾನು, ಬೀಗ, ನಾಣ್ಯ ಹರವಿಕೊಂಡು ಕುಳಿತಿದ್ದ. ರೂಢಿಯಂತೆ ನಾಣ್ಯದ ರಾಶಿಯಲ್ಲಿ ಕೈಯಾಡಿಸಿದೆ. ಕಂಪನಿ ಸರಕಾರದ ಪೈಸೆಗಳ ನಡುವೆ ಅದೇ ದಪ್ಪ ಕತ್ತು, ಅದೇ ಗಡ್ಡ, ಅದೇ ಮುಳ್ಳಿನ ಕಿರೀಟ. ಕಂಬಾರ. ತಿರುಗಿಸಿದರೆ ಹಿಡಿದುಕೊಂಡ ಎರಡು ಕೈ. ಒಂದಲ್ಲ, ಅಂಥವು ಎರಡು ಇದ್ದವು.

"ಘ್ಯಾ ಕೀ ಸಾಹೇಬ, ಜುನಾ ಮಾಲ ಆಹೆ," ಎಂದ ಅವನು ಮರಾಠಿಯಲ್ಲಿ. ನಾನು ಸುಮ್ಮನಿದ್ದುದನ್ನು ನೋಡಿ ಕನ್ನಡಕ್ಕೆ ಬಂದ: "ಹಳೇ ಮಾಲ ಐತ್ರಿ, ತಗೋರಿ."

"ಎಲ್ಲಿಂದ ತಂದಿ?"

"ಹಿಂಗ ಊರೂರ ತಿರಗತೀವಿ ಸಾಹೇಬ. ಯಾರ ಕೊಟ್ಟಾರ ನೆಪ್ಪಿಲ್ಲ."

ಒಂದನ್ನು ಕೊಂಡು ಮನೆಗೆ ತಂದು ನನ್ನದರ ಪಕ್ಕದಲ್ಲಿಟ್ಟೆ. ಕೈಯಿಂದ ಬಡಿದು ಮಾಡಿದ ಹಳೆಯ ನಾಣ್ಯಗಳಲ್ಲಿ ಯಾವ ಎರಡೂ ಒಂದೇ ಥರ ಇರುವುದಿಲ್ಲ ಎಂದು ರಟ್ಟಿಲ್ಲದ ಆ ಪುಸ್ತಕದಲ್ಲಿ ಓದಿದ್ದೆ. ಇವೆರಡೂ ಒಂದೇ ಥರ ಇದ್ದವು. ಅಂಚು ಸೊಟ್ಟಗಾದ ಜಾಗ, ಕೊನೆಯ ಅಕ್ಷರ ಅರ್ಧ ಹೊರಬಿದ್ದ ರೀತಿ, ಕೆನ್ನೆಯ ಮೇಲಿನ ಕುಳಿ, ಎಲ್ಲವೂ. ಎರಡೂ ಒಂದೇ ಎರಕದಿಂದ ಬಂದಿರಲೇಬೇಕು. ಬಾಲ್‌ಪೆನ್ನಿನ ಬರಹ, ಎಳೆದುಕೊಂಡ ಬಾಗಿಲು, ವರ್ಷಕ್ಕೊಂದರ ಲೆಕ್ಕ, ಎಲ್ಲ ಒಮ್ಮೆಗೇ ಕೂಡಿಕೊಂಡವು. ಹೆಂಡತಿ ಎರಡನ್ನೂ ನೋಡಿ, "ನಾ ಹೇಳಿದ್ನಿಲ್ರಿ?" ಎಂದಳು, ಅಷ್ಟೇ.

ಆ ಸಿಟ್ಟಿನಲ್ಲೇ ನಾನು ಕಾಕಾಗೆ ಬರೆದೆ. ಕೈಗೆ ಸಿಕ್ಕಿದ್ದು ಅಂಚೆ ಕಾರ್ಡು. ಸಣ್ಣ ಅಕ್ಷರಗಳಲ್ಲಿ, ನಿಮ್ಮ ಕಂಬಾರನ ಅಣ್ಣತಮ್ಮಂದಿರು ಕಾಗವಾಡದ ಸಂತೆಯಲ್ಲಿ ಬೀಗಗಳ ಜೊತೆ ಕುಳಿತಿದ್ದಾರೆ, ಜೀವನಪೂರ್ತಿ ಇನ್ನೊಬ್ಬರ ಮಾಲಿಗೆ ಕಳಪೆ ಎಂದು ಷರಾ ಬರೆದ ನೀವು ನಿಮ್ಮ ಮಾಲಿಗೆ ಏನೆಂದು ಬರೆಯುತ್ತೀರಿ ಎಂದು ಕೇಳಿದೆ. ಬರೆದು ಮುಗಿಸಿದಾಗ ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ. ಹಾಗೆಯೇ ಹೋಗಿ ಡಬ್ಬಿಗೆ ಹಾಕಿದೆ.

ಉತ್ತರ ಬರಲಿಲ್ಲ. ಅಪರಾಧಿ ಉತ್ತರ ಕೊಡುವುದಿಲ್ಲ ಎಂದುಕೊಂಡೆ. ಐದಾರು ತಿಂಗಳ ಮೇಲೆ ಚಿಕ್ಕೋಡಿಯಲ್ಲಿ ಇಲಾಖೆಯ ಸಭೆಗೆ ಹೋದಾಗ ನನ್ನ ಹಳೆಯ ದವಾಖಾನೆಯ ಅಟೆಂಡರ್ ಸಿಕ್ಕ. ಚಹಾ ಕುಡಿಯುತ್ತ ತಾನಾಗಿಯೇ ಹೇಳಿದ: "ಆ ಎಮ್ಮಿ ಕಾಕಾ ಈಗ ಹೊರಗ ಬರೂದಿಲ್ರಿ. ದಿನಾ ವಖಾರದ ಕಟ್ಟಿಗೆ ಕುಂಡ್ರಾಕ ಹೋಗ್ತಿದ್ರು, ಬಿಟ್ಟಾರ. ಯಾರೋ ಕಾರ್ಡ ಬರದಾರಂತ. ಪೋಸ್ಟಿನಾಂವ ಓದಿ, ಕಟ್ಟಿ ಮ್ಯಾಲೆ ಎಲ್ಲಾರಿಗೂ ಗೊತ್ತಾಗೇತಿ. ಖೋಟಾ ನಾಣ್ಯದ ಕಾಕಾ ಅಂತ ಕರ್‍ಯಾಕತ್ತಾರ."

ಬರೆದವನು ನಾನೇ ಎಂದು ಅವನಿಗೆ ಗೊತ್ತಿತ್ತೋ ಇಲ್ಲವೋ, ಇವತ್ತಿಗೂ ನನಗೆ ತಿಳಿಯದು. ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಚಹಾದ ಬಸಿ ಕೆಳಗಿಟ್ಟು ಸಭೆಗೆ ಹೊರಟೆ. ಕಾರ್ಡನ್ನು ದಾರಿಯಲ್ಲಿ ಯಾರು ಬೇಕಾದರೂ ಓದಬಹುದು ಎಂಬುದು ಬರೆಯುವಾಗ ನನಗೆ ಹೊಳೆದಿರಲಿಲ್ಲ ಎಂದು ಆಗ ಹೇಳಿಕೊಂಡೆ. ಅದು ಪೂರ್ತಿ ನಿಜವಲ್ಲ. ಹೊಳೆದಿತ್ತು.

ತೊಂಬತ್ತರ ದಶಕ ಶುರುವಾದ ಮೇಲೆ ಬಡ್ತಿಯಾಗಿ ರಾಯಬಾಗಕ್ಕೆ ಬಂದೆ. ಅಲ್ಲಿಯ ದವಾಖಾನೆಯಲ್ಲಿ ಸಗಣಿಯ ಮಾದರಿಯಲ್ಲಿ ಜಂತುವಿನ ತತ್ತಿ ಹುಡುಕಲು ಒಂದು ಮೈಕ್ರೋಸ್ಕೋಪ್ ಇತ್ತು. ಒಂದು ಮಧ್ಯಾಹ್ನ ಕೆಲಸವಿರಲಿಲ್ಲ. ಪೆಟ್ಟಿಗೆಯ ತಳದಲ್ಲಿ ಒಗೆದಿದ್ದ ಆ ಎರಡು ಕಂಬಾರರನ್ನು ತಂದು, ಕಿಟಕಿಯ ಬೆಳಕು ಬೀಳುವಂತೆ ಇಟ್ಟು ಒಂದಾದ ಮೇಲೊಂದು ನೋಡಿದೆ. ಯಾಕೆ ನೋಡಿದೆನೆಂದರೆ, ಅವು ಎಷ್ಟು ಕೆಟ್ಟದಾಗಿ ಮಾಡಿದ ಖೋಟಾ ಎಂದು ಮತ್ತೊಮ್ಮೆ ನೋಡಿ ಸಮಾಧಾನ ಪಡಬೇಕಿತ್ತು.

ಸಂತೆಯದರ ಮೈತುಂಬ ಎರಕದ ಸಣ್ಣ ಸಣ್ಣ ಗುಳ್ಳೆಗಳಿದ್ದವು. ಅಂಚಿನ ಸುತ್ತ ಜೋಡಣೆಯ ತೆಳು ಗೆರೆ ಇತ್ತು. ಕಾಕಾ ಕೊಟ್ಟದ್ದರಲ್ಲಿ ಗುಳ್ಳೆಯೂ ಇರಲಿಲ್ಲ, ಗೆರೆಯೂ ಇರಲಿಲ್ಲ. ಬಡಿತಕ್ಕೆ ಲೋಹ ಹರಿದ ಗುರುತುಗಳಿದ್ದವು. ಪಕ್ಕಪಕ್ಕ ಇಟ್ಟು ಅಳೆದರೆ ಸಂತೆಯದು ಕೂದಲೆಳೆಯಷ್ಟು ಸಣ್ಣದು; ಎರಕ ಆರುವಾಗ ಕುಗ್ಗಿದ್ದು. ಆಮೇಲೆ ಗಡ್ಡದ ಕೆಳಗೆ ನೋಡಿದೆ. ಸಂತೆಯ ನಾಣ್ಯದ ಅಂಚಿನಲ್ಲೂ ಒಂದು ಗೀರು ಇತ್ತು. ಅರದ ಗೀರಲ್ಲ, ಅರದ ಗೀರಿನ ಅಚ್ಚು. ಮೊಂಡಾಗಿ, ಒಳಗೆಲ್ಲ ಒಂದೇ ಬಣ್ಣವಾಗಿ, ಆದರೆ ಅದೇ ಜಾಗದಲ್ಲಿ, ಅದೇ ಓರೆಯಲ್ಲಿ.

ಆ ಗೀರು ಹಾಕಿದವನು ನಾನು. ಕಾಕಾನ ಮನೆಯಿಂದ ನಾಣ್ಯ ತಂದ ಮರುದಿನ ಹಾಕಿದ್ದೆ. ಅಂದರೆ ಸಂತೆಯ ನಾಣ್ಯವನ್ನು ಎರಕ ಹೊಯ್ದದ್ದು ಅದಾದ ಮೇಲೆ, ನನ್ನ ನಾಣ್ಯದಿಂದಲೇ. ನನ್ನ ಕೈ ಬಿಟ್ಟು ಆ ನಾಣ್ಯ ಹೊರಗಿದ್ದದ್ದು ಒಮ್ಮೆ ಮಾತ್ರ, ಅಥಣಿಯ ಪತ್ತಾರನ ಅಂಗಡಿಯಲ್ಲಿ. ನಾನು ಸ್ಟೂಲಿನ ಮೇಲೆ ಹಾಗೆಯೇ ಕುಳಿತಿದ್ದೆ. ಹೊರಗೆ ಯಾರೋ ಮೇಕೆ ತಂದು ಕರೆಯುತ್ತಿದ್ದರು. ಎದ್ದು ಹೋಗಿ ಮೇಕೆಗೆ ಔಷಧ ಕುಡಿಸಿದೆ, ಎಷ್ಟು ಕುಡಿಸಿದೆ ಎಂಬುದು ಆಮೇಲೆ ನೆನಪಾಗದೆ, ಅವರ ಮನೆಯವರೆಗೆ ಹೋಗಿ ಮೇಕೆ ಚೆನ್ನಾಗಿದೆಯೇ ಎಂದು ನೋಡಿ ಬಂದೆ.

ಮೊದಲು ಅಥಣಿಗೆ ಹೋದೆ. ಪತ್ತಾರ ಎರಡು ನಾಣ್ಯಗಳನ್ನೂ ನೋಡಿದ, ಗೀರನ್ನೂ ನೋಡಿದ. ಕಣ್ಣು ಮಿಟುಕಿಸಲಿಲ್ಲ.

"ನಿಮ್ಮದು ನಿಮಗ ಕೊಟ್ಟೀನಲ್ರಿ?"

"ಕೊಟ್ಟಿ. ಇದು ಹೆಂಗ ಬಂತು?"

"ನನಗೇನ ಗೊತ್ತ್ರಿ? ಇಲ್ಲಿ ಹತ್ತ ಮಂದಿ ಬರ್ತಾರ, ಹೋಗ್ತಾರ. ನಿಮಗ ನಾ ಬರದ ಕೊಟ್ಟ ಚೀಟಿ ಖರೇ ಇತ್ತಿಲ್ಲೋ?"

ಚೀಟಿ ನಿಜವಾಗಿಯೇ ಇತ್ತು. ಅದಕ್ಕಿಂತ ಮುಂದೆ ನನ್ನ ಮಾತು ಹೋಗಲಿಲ್ಲ. ಅವನೇ ಮಾಡಿದನೋ, ಆ ಎರಡು ದಿನದಲ್ಲಿ ಅಂಗಡಿಗೆ ಬಂದ ಇನ್ನಾರಾದರೂ ಮಾಡಿದರೋ, ಸಾಕ್ಷಿ ನನ್ನ ಬಳಿ ಇರಲಿಲ್ಲ. ಮತ್ತೊಬ್ಬರ ಮೇಲೆ ಗಟ್ಟಿಯಾಗಿ ಬೊಟ್ಟು ಮಾಡುವ ಧೈರ್ಯವೂ ಆಗ ಉಳಿದಿರಲಿಲ್ಲ.

ಅಲ್ಲಿಂದ ಚಿಕ್ಕೋಡಿ ಮೇಲೆ ನಿಪ್ಪಾಣಿಗೆ. ಬಾಗಿಲು ತೆರೆದ ಸೊಸೆ ನನ್ನನ್ನು ನೋಡಿ ಬನ್ನಿ ಎನ್ನಲಿಲ್ಲ. ಒಳಗೆ ತಿರುಗಿ, "ಮಾವಾರ, ಕಾರ್ಡಿನವ್ರು ಬಂದಾರ್ರಿ," ಎಂದಳು. ಕಾಕಾ ತುಸು ಇಳಿದಿದ್ದರು, ಕಣ್ಣಿಗೆ ದಪ್ಪ ಗಾಜು ಬಂದಿತ್ತು. ನಾನು ನಿಂತೇ ಎಲ್ಲವನ್ನೂ ಹೇಳಿದೆ: ಗೀರು, ಪತ್ತಾರ, ಮೈಕ್ರೋಸ್ಕೋಪ್. ಎರಡೂ ನಾಣ್ಯಗಳನ್ನು ಅವರ ಮುಂದಿಟ್ಟೆ. ಅವರು ಖೋಟಾದ್ದನ್ನು ಎತ್ತಿ ಮೂಸಿ ನೋಡಿ ಕೆಳಗಿಟ್ಟರು.

"ತಪ್ಪಾತ್ರಿ ಕಾಕಾ," ಎಂದೆ.

ಅವರು ಕಣ್ಣಿನ ಗಾಜು ತೆಗೆದು ಧೋತರದ ಅಂಚಿನಿಂದ ಒರೆಸಿಕೊಂಡರು. ಆಮೇಲೆ ಕೇಳಿದರು: "ಕಾರ್ಡಿನ್ಯಾಗ ಯಾಕ ಬರದ್ರಿ? ಲಕೋಟಿ ಸಿಗಲಿಲ್ಲೇನು?"

ಅವರು ಉತ್ತರಕ್ಕೆ ಕಾಯಲಿಲ್ಲ. "ಕುಂಡ್ರಿ," ಎಂದು ಎದ್ದು ಒಳಗಿನ ಖೋಲಿಗೆ ಹೋದರು. ಬಾಗಿಲು ಎಳೆದುಕೊಳ್ಳಲಿಲ್ಲ. ಮರದ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ನನ್ನ ಮುಂದೆ ಇಟ್ಟರು. ಅರ್ಧಕ್ಕಿಂತ ಹೆಚ್ಚು ನಾಣ್ಯಗಳ ಕೆಳಗೆ ಕೆಂಪು ಕಾಗದದ ಚೂರುಗಳಿದ್ದವು.

"ಕೆಂಪ ಕಾಗದ ಇದ್ದಾವೆಲ್ಲಾ ಖೋಟಾ. ಸಾಹೇಬ ಕೊಟ್ಟಿದ್ದು ನಾಕ. ಅವನ ಚೀಟಿ ಗೆದ್ದಲಾ ತಿನ್ನಾಕತ್ತಿತ್ತು, ಅದಕ್ಕ ನಾನ ನೋಡ್ಕೋಂತ ಹೊಸಾ ಲಕೋಟಿ ಮ್ಯಾಲೆ ಬರದ ಇಟ್ಟೆ. ಉಳದಿದ್ದು ನಾ ಮುಂಬೈಲಿಂದ ತರಿಸಿದ್ದು. ಮೋಸ ಹೋಗೀನಿ. ತಂಬಾಕದಾಗ ಒಬ್ಬರೂ ನನಗ ಮೋಸ ಮಾಡಿಲ್ಲ, ಇದರಾಗ ಎಲ್ಲಾರೂ ಮಾಡ್ಯಾರ. ಹೆಂಗ ತೋರಸ್ಲಿ ನಿಮಗ ಇದನ್ನ?"

"ವರ್ಷಕ್ಕ ಒಂದ ಯಾಕ ಕೊಡ್ತಿದ್ರಿ?"

"ಖರೇ ಐತೋ ಸುಳ್ಳ ಐತೋ ನನಗ ಖಾತ್ರಿ ಆಗಾಕ ಒಂದ ವರ್ಷ ಹಿಡೀತಿತ್ತು."

ಅವರು ನನ್ನ ಕಡೆ ನೋಡದೆ ಹೇಳಿದರು: "ನಾನೂ ನಿಮ್ಮ ಮ್ಯಾಲೆ ಸಂಶೆ ಇಟ್ಟಿದ್ದೆ ಡಾಕ್ಟರ್ರ. ಎಮ್ಮಿ ಆರಾಮ ಆದ ಮ್ಯಾಲೂ ಬರ್ತಾನ, ತಟ್ಟಿ ತೋರ್ಸು ಅಂತಾನ, ಸರಕಾರದ ಮನಷಾ. ಯಾರೋ ಕಳಿಸ್ಯಾರ ಅಂತ ತಿಳದಿದ್ದೆ. ಮೂರ ವರ್ಷ ಹಂಗ ತಿಳದಿದ್ದೆ."

ಇಬ್ಬರೂ ನಗಲಿಲ್ಲ. ಸೊಸೆ ಚಹಾ ತಂದಳು. ನಾನು ಹೊರಡುವಾಗ ವಖಾರದ ಕಟ್ಟೆಗೆ ಹೋಗಿ, ಅಲ್ಲಿ ಕುಳಿತಿದ್ದ ಹಿರಿಯರಿಗೆ, ಕಾರ್ಡು ಬರೆದವನು ನಾನೇ, ಬರೆದದ್ದು ಸುಳ್ಳು ಎಂದು ಹೇಳಿದೆ. ಅವರಲ್ಲೊಬ್ಬರು, "ಹಿಂಗ ಹೇಳಾಕ ಅವ್ರು ನಿಮಗ ಏನ ಕೊಟ್ರು?" ಎಂದು ಕೇಳಿದರು.

ಆಮೇಲೂ ನಾನು ವರ್ಷಕ್ಕೆ ಎರಡು ಮೂರು ಸಲ ಹೋಗುತ್ತಿದ್ದೆ. ಕಾಕಾ ಕಟ್ಟೆಗೆ ಮತ್ತೆ ಹೋಗತೊಡಗಿದ್ದರು, ಆದರೆ ತುದಿಯಲ್ಲಿ ಕುಳಿತುಕೊಳ್ಳುತ್ತಿದ್ದರಂತೆ. ತಟ್ಟೆಯ ಮುಂದೆ ಕುಳಿತು ಒಂದೊಂದು ಕೆಂಪು ಕಾಗದದ ನಾಣ್ಯವನ್ನೂ ಇಬ್ಬರೂ ಮತ್ತೆ ಪರೀಕ್ಷೆ ಮಾಡುತ್ತಿದ್ದೆವು. ಅಪರೂಪಕ್ಕೆ ಒಂದು ಕಾಗದ ತೆಗೆಯುತ್ತಿದ್ದೆವು, ಎರಡು ಹೊಸದಾಗಿ ಇಡುತ್ತಿದ್ದೆವು. ಅವರು ನನಗೆ ಮತ್ತೆ ನಾಣ್ಯ ಕೊಡಲಿಲ್ಲ, ನಾನೂ ಕೇಳಲಿಲ್ಲ. 'ಸರದಾರ'ನ ಮೇಲೆ ನನ್ನ ಕಣ್ಣಿದೆಯೆಂದು ಅವರಿಗೆ ಗೊತ್ತಿತ್ತು. ಅದೊಂದನ್ನು ಮಾತ್ರ ನೋಡಿದ ಕೂಡಲೇ ಲಕೋಟೆಗೆ ಹಾಕಿಬಿಡುತ್ತಿದ್ದರು.

ತೊಂಬತ್ತರ ದಶಕದ ಕೊನೆಗೆ ಅವರು ತೀರಿಕೊಂಡರು. ಹದಿನೈದು ದಿನ ಬಿಟ್ಟು ಅವರ ಮಗ ನನ್ನನ್ನು ಕರೆಸಿದ. ತಟ್ಟೆ ಮುಂದಿಟ್ಟು, "ಇವು ಎಷ್ಟಕ್ಕ ಹೋಗ್ತಾವ ಹೇಳ್ರಿ," ಎಂದ. ಯಾರೋ ಸ್ವಚ್ಛ ಮಾಡುವಾಗ ಕೆಂಪು ಕಾಗದಗಳನ್ನೆಲ್ಲ ಕಸವೆಂದು ಬಳಿದು ಚೆಲ್ಲಿದ್ದರು. ನನಗೆ ನೆನಪಿದ್ದಷ್ಟನ್ನು ಬೇರ್ಪಡಿಸಿ, ಇಷ್ಟು ಖೋಟಾ, ಇಷ್ಟು ನಿಜ, ಇವೆರಡು ನನಗೂ ಗೊತ್ತಿಲ್ಲ ಎಂದೆ.

ಅವನು ಎರಡೂ ಗುಂಪುಗಳನ್ನು ನೋಡಿದ, ನನ್ನನ್ನೂ ನೋಡಿದ. "ಅರ್ಧಕ್ಕ ಹೆಚ್ಚ ಖೋಟಾ ಅಂತೀರಿ. ಈಗ ಇವನ್ನ ನಮಗ ಬಿಟ್ಟು, ಖರೇ ಇದ್ದಾವನ್ನ ನೀವು ಕೇಳ್ತೀರಿ. ಹೌದಲ್ರಿ?"

"ನನಗ ಒಂದೂ ಬ್ಯಾಡ್ರಿ," ಎಂದೆ. ಹೇಳುವಾಗ ಸರದಾರನ ಮೇಲಿಂದ ಕಣ್ಣು ತೆಗೆಯಲು ಕಷ್ಟವಾಯಿತು, ಅವನು ಅದನ್ನು ಗಮನಿಸಿದ. ಮುಗುಳ್ನಕ್ಕು ಎರಡೂ ಗುಂಪುಗಳನ್ನು ಮತ್ತೆ ಒಂದರಲ್ಲೊಂದು ಕಲಸಿ ಅರಿವೆಯಲ್ಲಿ ಕಟ್ಟಿದ. ಕೊಲ್ಲಾಪುರದಲ್ಲಿ ತಿಳಿದವರೊಬ್ಬರಿದ್ದಾರೆ, ಅವರಿಗೆ ತೋರಿಸುತ್ತೇನೆ ಎಂದ. ತೋರಿಸಿದನೋ, ಅವರು ಏನು ಹೇಳಿದರೋ ನನಗೆ ತಿಳಿಯಲಿಲ್ಲ.

ಬಾಗಿಲವರೆಗೆ ಬಂದ ಸೊಸೆ ಮೆಲ್ಲಗೆ ಹೇಳಿದಳು: "ಮಾವಾರು ನಿಮ್ಮ ಮ್ಯಾಲೆ ಸಿಟ್ಟ ಇಟ್ಕೊಂಡಿರಲಿಲ್ರಿ ಅಣ್ಣಾರ."

ನಾನು ಅವಳ ಮುಖ ನೋಡಿದೆ. ಸಮಾಧಾನಕ್ಕೆ ಹೇಳಿದಳೋ, ಕಂಡದ್ದನ್ನೇ ಹೇಳಿದಳೋ ಗೊತ್ತಾಗಲಿಲ್ಲ. ಹೌದ್ರಿ ಎಂದು ಚಪ್ಪಲಿ ಮೆಟ್ಟಿಕೊಂಡೆ. ಮರುದಿನ ಪಾಲಬಾವಿಯಲ್ಲಿ ದನಗಳಿಗೆ ಕಾಲುಬಾಯಿ ಬೇನೆಯ ಲಸಿಕೆ ಹಾಕುವುದಿತ್ತು. ಸಂಜೆಯ ಬಸ್ಸಿಗೆ ಹೊತ್ತಾಗಿತ್ತು.